ಕಿಸುಮುವಿಗೆ ಮಿಷನ್ ತಂಡ ಹೊರಡುವ ಮುನ್ನ ನಾವು ಮಾಡಿಕೊಳ್ಳುವ ಸಿದ್ಧತೆ

ನಮ್ಮ ಕ್ರೈಸ್ತ ಸಭೆಯಿಂದ 12 ಜನರ ತಂಡ ಎರಡು ವಾರಕ್ಕೆ ಕೆನ್ಯಾದ ಪಶ್ಚಿಮಕ್ಕೆ, ವಿಕ್ಟೋರಿಯಾ ಸರೋವರದ ದಡದ ಕಿಸುಮು ಕಡೆಗೆ ಹೋಗುವ ಲೆಕ್ಕದಲ್ಲಿ ಇದನ್ನು ಬರೆಯುತ್ತಿದ್ದೇನೆ. ತಿಂಗಳು ಆಗಸ್ಟ್. ಆಗ ಅಲ್ಲಿ ಶಾಲೆಗೆ ರಜೆ, ಮಾರ್ಚ್‌ನಿಂದ ಮೇವರೆಗಿನ ದೊಡ್ಡ ಮಳೆಯೂ ಮುಗಿದಿರುತ್ತದೆ.

ಎಲ್ಲಕ್ಕಿಂತ ಮೊದಲು ಅಲ್ಲಿನ ಸಭೆಯಿಂದ ಆಹ್ವಾನ ಪತ್ರ ಬರಬೇಕು, ಅದೂ ಆರು ತಿಂಗಳ ಮುಂಚೆ. ಅದರಲ್ಲಿ ಅವರಿಗೆ ಬೇಕಾದ ಕೆಲಸ ಯಾವುದು, ಮಕ್ಕಳು ಎಷ್ಟು, ನಮ್ಮನ್ನು ಎಲ್ಲಿ ಇಳಿಸುತ್ತಾರೆ, ಕುಡಿಯುವ ನೀರಿಗೆ ಏನು ವ್ಯವಸ್ಥೆ, ಇಷ್ಟೂ ಇರಬೇಕು. ಇಲ್ಲಿ ಕೂತು ನಾವೇ ಕಾರ್ಯಕ್ರಮ ಹೆಣೆದುಕೊಂಡು ಹೋದರೆ ಅವರ ಪಾಲಿಗೆ ನಾವು ಹೊರೆಯಾಗುತ್ತೇವೆ. ಗೋಡೆ ಕಟ್ಟುವುದು, ಬಣ್ಣ ಬಳಿಯುವುದು ನಾವು ಒಪ್ಪಿಕೊಳ್ಳುವುದಿಲ್ಲ. ಅಲ್ಲಿನ ಗಾರೆ ಕೆಲಸದವರು ನಮಗಿಂತ ಚೆನ್ನಾಗಿ ಮಾಡುತ್ತಾರೆ, ನಾವು ಮಾಡಿದರೆ ಅವರ ಕೂಲಿ ತಪ್ಪುತ್ತದೆ.

ಪತ್ರ ಬಂದ ವಾರವೇ 12 ಪಾಸ್‌ಪೋರ್ಟನ್ನೂ ಮೇಜಿನ ಮೇಲೆ ಹರಡಿ ನೋಡುತ್ತೇವೆ. ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು, ಖಾಲಿ ಪುಟಗಳಿರಬೇಕು. ನಮ್ಮವರ ಪಾಸ್‌ಪೋರ್ಟಿನಲ್ಲಿ ಹೆಚ್ಚಾಗಿ ಎಡವಟ್ಟಾಗುವುದು ಹೆಸರಿನಲ್ಲಿ. ದೀಕ್ಷಾಸ್ನಾನದ ಹೆಸರು ಒಂದು, ಶಾಲೆಯ ಹೆಸರು ಇನ್ನೊಂದು, ಇನಿಷಿಯಲ್ ಬೇರೆ, ಮನೆತನದ ಹೆಸರಿನ ಜಾಗ ಖಾಲಿ. ಟಿಕೆಟ್, ಲಸಿಕೆ ಕಾರ್ಡು, ಪ್ರವೇಶ ಅನುಮತಿ, ಮೂರರಲ್ಲೂ ಪಾಸ್‌ಪೋರ್ಟಿನಲ್ಲಿದ್ದ ಹಾಗೆಯೇ ಅಕ್ಷರ ತಪ್ಪದೆ ಇರಬೇಕು. ಒಂದೇ ಹೆಸರಿದ್ದವರ ಟಿಕೆಟ್ ಹೇಗೆ ಬರೆಯಬೇಕು ಎಂದು ವಿಮಾನ ಕಂಪನಿಯನ್ನು ಕೇಳಿಯೇ ಕಾಯ್ದಿರಿಸುತ್ತೇವೆ.

2024ರ ಜನವರಿಯಿಂದ ಕೆನ್ಯಾ ವೀಸಾ ಬದಲು ಇಟಿಎ ಎಂಬ ಆನ್‌ಲೈನ್ ಅನುಮತಿ ಕೊಡುತ್ತಿದೆ. ಪ್ರತಿಯೊಬ್ಬರೂ ಬೇರೆಬೇರೆಯಾಗಿ ಅರ್ಜಿ ಹಾಕಬೇಕು. ಅದರಲ್ಲಿ ಭೇಟಿಯ ಉದ್ದೇಶ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇವೆ. ಸುವಾರ್ತೆಗೆ ಹೊರಟವರು ಅರ್ಜಿಯಲ್ಲೇ ಸುಳ್ಳು ಬರೆಯುವುದು ಸಲ್ಲದು. ನಮ್ಮ ಕೆಲಸಕ್ಕೆ ಇಟಿಎ ಸಾಕೋ, ಸ್ವಲ್ಪ ಕಾಲದ ಕೆಲಸಕ್ಕೆ ಕೊಡುವ ಸ್ಪೆಷಲ್ ಪಾಸ್ ಬೇಕೋ ಎಂದು ಅಲ್ಲಿನ ಸಭೆಯವರು ವಲಸೆ ಕಚೇರಿಯಲ್ಲಿ ವಿಚಾರಿಸಿ ಬರಹದಲ್ಲಿ ತಿಳಿಸಬೇಕು. ತಂಡದಲ್ಲಿ ಡಾಕ್ಟರು ಇದ್ದರೂ ಅಲ್ಲಿನ ವೈದ್ಯಕೀಯ ಮಂಡಳಿಯ ತಾತ್ಕಾಲಿಕ ಪರವಾನಗಿ ಇಲ್ಲದೆ ಕ್ಯಾಂಪ್ ಇಲ್ಲ.

ಹಳದಿ ಜ್ವರದ ಲಸಿಕೆಯನ್ನು ಕೊನೆಗೆ ಬಿಟ್ಟರೆ ಇಡೀ ಯಾತ್ರೆ ನಿಂತುಹೋಗಬಹುದು. ಹೋಗುವಾಗಿನದಕ್ಕಿಂತ ವಾಪಸ್ ಬರುವಾಗಿನ ತೊಂದರೆಯೇ ದೊಡ್ಡದು: ಕೆನ್ಯಾದಿಂದ ಬಂದವರ ಬಳಿ ಕಾರ್ಡಿಲ್ಲದಿದ್ದರೆ ಭಾರತದಲ್ಲಿ ಆರು ದಿನದವರೆಗೆ ಕ್ವಾರಂಟೈನಿನಲ್ಲಿ ಇಡಬಹುದು. ಲಸಿಕೆ ಹಾಕಿಸಿದ 10 ದಿನದ ನಂತರವೇ ಕಾರ್ಡಿಗೆ ಬೆಲೆ, ಆಮೇಲೆ ಜೀವನಪೂರ್ತಿ ಸಾಕು. ಇದನ್ನು ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಮಾತ್ರ ಹಾಕುತ್ತಾರೆ. ಒಂದು ವಯಲ್‌ನಲ್ಲಿ ಹಲವರಿಗಾಗುವಷ್ಟು ಮದ್ದು ಇರುತ್ತದೆ, ತೆರೆದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ವಾರದ ಕೆಲವು ದಿನ ಮಾತ್ರ ಕೊಡುತ್ತಾರೆ, ಸರದಿ ಸಿಗುವುದು ತಡ. ನಾವು ಎರಡು ತಿಂಗಳ ಮುಂಚೆ ಮುಗಿಸುತ್ತೇವೆ. ಮೊಟ್ಟೆಯ ಅಲರ್ಜಿ ಇರುವವರು, ಗರ್ಭಿಣಿಯರು, 60 ದಾಟಿದವರು ಮೊದಲು ಡಾಕ್ಟರನ್ನು ಕಾಣಬೇಕು.

ಸರೋವರದ ಸುತ್ತ ಮಲೇರಿಯಾ ಜಾಸ್ತಿ. ಅದು ಬರದಂತೆ ತಡೆಯಲು ಡಾಕ್ಟರು ಡಾಕ್ಸಿಸೈಕ್ಲಿನ್ ಮಾತ್ರೆ ಬರೆದರೆ ಹೊರಡುವ ಒಂದೆರಡು ದಿನ ಮುಂಚೆ ಶುರು, ಅಲ್ಲಿರುವಷ್ಟು ದಿನ ದಿನಕ್ಕೊಂದು, ಬಂದ ಮೇಲೂ ನಾಲ್ಕು ವಾರ. ಎರಡು ವಾರದ ಯಾತ್ರೆಗೆ ತಲೆಗೆ 44 ಮಾತ್ರೆ. ಊಟದ ಜೊತೆ, ತುಂಬಿದ ಲೋಟ ನೀರಲ್ಲಿ ನುಂಗಿ ಅರ್ಧ ಗಂಟೆ ಮಲಗಬಾರದು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಬಿಸಿಲಿಗೆ ಚರ್ಮವೂ ಬೇಗ ಕೆಂಪಾಗುತ್ತದೆ, ಟೋಪಿ ಬೇಕೇ ಬೇಕು.

ಹಣದ ವಿಷಯದಲ್ಲಿ ಸಭಾ ಸಮಿತಿಗೆ ಒಂದು ಮಾತು. ತೆರಿಗೆ ವಿನಾಯಿತಿ ಪಡೆದ ಟ್ರಸ್ಟಿನ ಹಣವನ್ನು ದೇಶದ ಹೊರಗೆ ಖರ್ಚು ಮಾಡಿದರೆ ವಿಶೇಷ ಅನುಮತಿ ಇಲ್ಲದೆ ಅದಕ್ಕೆ ವಿನಾಯಿತಿ ಸಿಗುವುದಿಲ್ಲ. ಆದ್ದರಿಂದ ಹೋಗುವವರು ತಮ್ಮ ಖರ್ಚನ್ನು ತಾವೇ ಭರಿಸಬೇಕು. ಕಾಣಿಕೆ ಪೆಟ್ಟಿಗೆಯನ್ನು ಮುಟ್ಟುವ ಮೊದಲು ಲೆಕ್ಕ ಪರಿಶೋಧಕರನ್ನು ಕೇಳಬೇಕು. ಡಾಲರ್ ನೋಟು ಹೊಸದಾಗಿ, ಮಡಿಕೆ ಇಲ್ಲದೆ ಇರಲಿ. ಹಳೆಯ ವರ್ಷದ್ದನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ. ಊರಿನ ಅಂಗಡಿಯಲ್ಲಿ ನಡೆಯುವುದು ಎಂ-ಪೆಸಾ, ಅಂದರೆ ಮೊಬೈಲ್ ಹಣ.

ಲಗೇಜ್ ತಲೆಗೆ 23 ಕಿಲೋ ಎಂದಿದ್ದರೆ 15 ಕಿಲೋ ಸ್ವಂತಕ್ಕೆ, 8 ಕಿಲೋ ತಂಡಕ್ಕೆ. ಒಟ್ಟು 96 ಕಿಲೋ ವಿಬಿಎಸ್, ಅಂದರೆ ಮಕ್ಕಳ ರಜಾ ಬೈಬಲ್ ಶಾಲೆಯ ಸಾಮಾನು, ತೂಗು ತಕ್ಕಡಿಯಲ್ಲಿ ತೂಗಿ ಹಂಚುತ್ತೇವೆ. ಒಂದೇ ಬಗೆಯ ಸಾಮಾನನ್ನು ಒಂದೇ ಪೆಟ್ಟಿಗೆಗೆ ತುಂಬಬಾರದು. ಆ ಪೆಟ್ಟಿಗೆ ಬರದಿದ್ದರೆ ಕ್ರಯಾನ್ ಪೂರ್ತಿ ಹೋದ ಹಾಗೆ. ನಮಗೆ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡುವ ಅಭ್ಯಾಸ. ಕೆನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ, ದಂಡ ಭಾರಿ. ಬಟ್ಟೆ ಚೀಲವೇ ಒಯ್ಯಬೇಕು. ಮಿಲಿಟರಿ ಬಣ್ಣದ ಪ್ಯಾಂಟು, ಬೀಜ, ಹಸಿ ಕರಿಬೇವು ಬೇಡ. ಸ್ವೆಟರ್ ಮಾತ್ರ ಬೇಕು: ನೈರೋಬಿ ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಆಗಸ್ಟ್ ರಾತ್ರಿ ಮಡಿಕೇರಿಯ ಹಾಗೆ ಚಳಿ.

ಭಾಷೆಗೆ ನಾವು ಶನಿವಾರದ ಪ್ರಾರ್ಥನಾ ಕೂಟದಲ್ಲಿ ಅರ್ಧ ಗಂಟೆ ತೆಗೆದಿಡುತ್ತೇವೆ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್‌ನವರು ನಮ್ಮ ಭಾಷೆಯನ್ನು ಕೂತು ಕಲಿತರು. ಎರಡು ವಾರಕ್ಕೆ ಹೋಗುವ ನಾವು 50 ಪದವನ್ನಾದರೂ ಕಲಿಯಬೇಕು. ಸ್ವಾಹಿಲಿ ಕನ್ನಡದವರ ನಾಲಿಗೆಗೆ ಕಷ್ಟವಲ್ಲ, ಬರೆದ ಹಾಗೆ ಓದುವುದು. 'ಯೇಸು' ಅಲ್ಲಿಯೂ ಯೇಸುವೇ, ಚಪಾತಿ ಚಪಾತಿಯೇ, ಅಂಗಡಿ 'ದುಕಾ'. 'ಬ್ವಾನಾ ಅಸಿಫಿವೆ' ಅಂದರೆ ಕರ್ತನಿಗೆ ಸ್ತೋತ್ರ, ಅದಕ್ಕೆ ಉತ್ತರ 'ಆಮೆನ್'. ಹಿರಿಯರಿಗೆ 'ಶಿಕಮೋ' ಎಂದು ನಮಸ್ಕರಿಸಬೇಕು.

ಗಡಿಯಾರದ ಲೆಕ್ಕ ಗೊತ್ತಿಲ್ಲದಿದ್ದರೆ ಆರಾಧನೆಯೇ ತಪ್ಪುತ್ತದೆ. ಸ್ವಾಹಿಲಿಯಲ್ಲಿ ದಿನ ಎಣಿಸುವುದು ಸೂರ್ಯೋದಯದಿಂದ. 'ಸಾ ತಾತು', ಅಂದರೆ ಮೂರನೇ ಗಂಟೆ ಎಂದರೆ ನಮ್ಮ ಬೆಳಗಿನ ಒಂಬತ್ತು. ಹೊಸ ಒಡಂಬಡಿಕೆಯಲ್ಲಿ ಬರುವ 'ಮೂರನೆಯ ತಾಸು' ಕೂಡ ಇದೇ ಲೆಕ್ಕ ಎಂದು ಹೇಳಿಕೊಟ್ಟರೆ ಯಾರೂ ಮರೆಯುವುದಿಲ್ಲ.

ಸಾಕ್ಷಿ, ಅಂದರೆ ತಮ್ಮ ನಂಬಿಕೆಯ ಅನುಭವ ಹೇಳುವವರಿಗೆ ಬೇರೆ ಅಭ್ಯಾಸ ಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಾಕ್ಯ ಮುಗಿಯದೆ ಅನುವಾದಕರು ಬಾಯಿ ತೆರೆಯಲಾರರು. ಉದ್ದ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿದರೆ ಅವರು ಊಹಿಸಿ ಹೇಳಿಬಿಡುತ್ತಾರೆ. ಎಂಟು ಪದದೊಳಗೆ ವಾಕ್ಯ ಮುಗಿಸಿ ನಿಲ್ಲಬೇಕು. ಕನ್ನಡದಿಂದ ಇಂಗ್ಲಿಷಿಗೆ, ಅಲ್ಲಿಂದ ಸ್ವಾಹಿಲಿಗೆ ಹೋಗುವಾಗ 5 ನಿಮಿಷದ ಸಾಕ್ಷಿ 15 ನಿಮಿಷ ಆಗುತ್ತದೆ.

ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು. ಕೇಳದೆ ಮಕ್ಕಳ ಫೋಟೋ ತೆಗೆಯಬಾರದು, ಬೀದಿಯಲ್ಲಿ ನಿಂತು ಮಿಠಾಯಿ, ದುಡ್ಡು ಹಂಚಬಾರದು. ಕೊಡುವುದಿದ್ದರೆ ಅಲ್ಲಿನ ಸಭೆಯ ಹಿರಿಯರ ಕೈಗೆ, ರಸೀದಿ ಸಮೇತ.

ತಂಡದವರ ಒಂದು ಹಾಳೆಯ ಪ್ರತಿಯನ್ನು ಇಲ್ಲಿ ಸಭಾಪಾಲಕರ ಬಳಿ ಇಡುತ್ತೇವೆ: ರಕ್ತದ ಗುಂಪು, ಅಲರ್ಜಿ, ವಿಮೆ ಸಂಖ್ಯೆ, ಮನೆಯವರ ಫೋನು. ವಾಪಸ್ ಬಂದ ದಿನವೇ ಇದು ಮುಗಿಯುವುದಿಲ್ಲ. ಮುಂದಿನ ನಾಲ್ಕು ಭಾನುವಾರ ಆರಾಧನೆ ಮುಗಿದ ಮೇಲೆ ಮಾತ್ರೆ ನುಂಗಿದಿರಾ ಎಂದು ಒಬ್ಬೊಬ್ಬರನ್ನೂ ಕೇಳುತ್ತೇವೆ. ತಿಂಗಳುಗಟ್ಟಲೆ ಆದ ಮೇಲೆ ಜ್ವರ ಬಂದರೂ ಡಾಕ್ಟರಿಗೆ ಮೊದಲು ಹೇಳಬೇಕಾದ್ದು ಕೆನ್ಯಾಕ್ಕೆ ಹೋಗಿದ್ದೆ ಎಂದು, ಅದೇ ದಿನ ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿಸಬೇಕು.