ಅಡ್ರಿನಲ್ ಪೇಶೆಂಟ್‌ಗಳಿಗೆ ಸ್ಟೀರಾಯ್ಡ್ ಡೋಸ್ ನಾನು ಹೇಗೆ ಹೊಂದಿಸ್ತೀನಿ

ಆಡಿಸನ್ ಕಾಯಿಲೆ (ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥಿ ಕೆಟ್ಟು ಕಾರ್ಟಿಸಾಲ್ ಹಾರ್ಮೋನ್ ಸಾಲದೇ ಹೋಗೋದು) ಇರೋ ದೊಡ್ಡವರಿಗೆ ನಾನು ಅದರ ಬದಲಿಗೆ ಕೊಡೋ ಸ್ಟೀರಾಯ್ಡ್ ಮಾತ್ರೆ ಹೈಡ್ರೋಕಾರ್ಟಿಸೋನ್‌ನಿಂದಲೇ ಶುರು ಮಾಡೋದು, ದಿನಕ್ಕೆ 15ರಿಂದ 25 ಎಂಜಿ ಒಳಗೆ. ಬೆಳಿಗ್ಗೆ ಎದ್ದ ಕೂಡ್ಲೇ 10, ಮಧ್ಯಾಹ್ನ 5, ಬೇಕು ಅನ್ಸಿದ್ರೆ ಸಂಜೆ 2.5. ದೇಹದ ಸ್ವಂತ ಕಾರ್ಟಿಸಾಲ್ ಬೆಳಗಿನ ಜಾವ ಏರಿ ರಾತ್ರಿ ಹೊತ್ತಿಗೆ ಇಳಿಯತ್ತಲ್ಲ, ಮಾತ್ರೇನೂ ಹೆಚ್ಚುಕಡಿಮೆ ಹಾಗೇ ಇರ್ಬೇಕು. ಕೊನೆ ಡೋಸ್ ಮಲಗೋಕೆ 4ರಿಂದ 6 ಗಂಟೆ ಮುಂಚೆ ಮುಗಿಸಿ ಅಂತೀನಿ, ತಡ ಆದ್ರೆ ನಿದ್ದೆ ಕೆಡತ್ತೆ.

"ಡಾಕ್ಟ್ರೇ, ಮಧ್ಯಾಹ್ನ ಆಗ್ತಿದ್ದಂಗೆ ಕೈಕಾಲೇ ಆಡಲ್ಲ" ಅಂತ ಬಂದವರಿಗೆ ನಾನು ಮೊದ್ಲೇ ಡೋಸ್ ಏರಿಸಲ್ಲ, ಯಾವ ಮಾತ್ರೆ ಎಷ್ಟೊತ್ತಿಗೆ ತಗೋತೀರಿ ಅಂತ ಗಂಟೆ ಸಮೇತ ಬರ್ಸ್ಕೋತೀನಿ, ಬಹಳ ಸಲ ಎರಡನೇ ಮಾತ್ರೇನ ಸ್ವಲ್ಪ ಮುಂಚೆ ತಂದ್ರೆ ಸಾಕಾಗತ್ತೆ. ಮಲಗಿಸಿ ಒಂದ್ಸಲ, ನಿಲ್ಲಿಸಿ ಒಂದ್ಸಲ ಬಿಪಿ ನೋಡ್ತೀನಿ. ನಿಂತಾಗ ಬಿಪಿ ಇಳಿದು ತಲೆ ಸುತ್ತತ್ತೆ, ಉಪ್ಪು ತಿನ್ಬೇಕು ಅನ್ಸತ್ತೆ, ಪೊಟ್ಯಾಸಿಯಂ ಮೇಲಿದೆ ಅಂದ್ರೆ ಕಮ್ಮಿ ಬಿದ್ದಿರೋದು ಫ್ಲುಡ್ರೋಕಾರ್ಟಿಸೋನ್ (ದೇಹದಲ್ಲಿ ಉಪ್ಪು ಹಿಡಿದಿಡೋ ಇನ್ನೊಂದು ಮಾತ್ರೆ) ಇರ್ಬಹುದು. ಎಸಿಟಿಎಚ್ (ಅಡ್ರಿನಲ್ ಗ್ರಂಥಿಗೆ ಕಾರ್ಟಿಸಾಲ್ ಮಾಡು ಅಂತ ಹೇಳೋ ಹಾರ್ಮೋನ್) ರಿಪೋರ್ಟ್ ನಾರ್ಮಲ್‌ಗೆ ತರ್ಬೇಕು ಅಂತ ಮಾತ್ರೆ ಏರಿಸ್ತಾ ಹೋಗೋದು ನನಗೆ ಸುತರಾಂ ಒಪ್ಪಿಗೆ ಇಲ್ಲ, ನಂಬರ್ ಸರಿಹೋಗೋ ಹೊತ್ತಿಗೆ ಮೂಳೆ ಸವೆದು, ತೂಕ ಶುಗರ್ ಎರಡೂ ಏರಿರತ್ತೆ.

ಇನ್ನೊಂದು, ಪಿಟ್ಯುಟರಿ (ಮೆದುಳಿನ ಬುಡದಲ್ಲಿದ್ದು ಈ ಗ್ರಂಥಿಗಳನ್ನ ನಡೆಸೋ ಗ್ರಂಥಿ) ಸಮಸ್ಯೆಯಿಂದ ಥೈರಾಯ್ಡೂ ಕಾರ್ಟಿಸಾಲೂ ಎರಡೂ ಕಮ್ಮಿ ಇದ್ರೆ ಮೊದ್ಲು ಸ್ಟೀರಾಯ್ಡ್, ಆಮೇಲೆ ಥೈರಾಯ್ಡ್ ಮಾತ್ರೆ ಥೈರಾಕ್ಸಿನ್. ಥೈರಾಕ್ಸಿನ್ ಒಂದೇ ಕೊಟ್ರೆ ಇರೋ ಚೂರುಪಾರು ಕಾರ್ಟಿಸಾಲೂ ಬೇಗ ಖರ್ಚಾಗಿ ಪೇಶೆಂಟ್ ಜೀವಕ್ಕೇ ಅಪಾಯ ತರೋ ಅಡ್ರಿನಲ್ ಕ್ರೈಸಿಸ್‌ಗೆ ಹೋಗ್ಬಹುದು. ಟಿಬಿಗೆ ರಿಫಾಂಪಿಸಿನ್ ಶುರು ಆದಾಗ್ಲೂ ಹೈಡ್ರೋಕಾರ್ಟಿಸೋನ್ ದೇಹದಲ್ಲಿ ಬೇಗ ಖರ್ಚಾಗತ್ತೆ, ಡೋಸ್ ಏರಿಸ್ಬೇಕಾಗತ್ತೆ, ಅದಕ್ಕೇ ಹೊಸ ಮಾತ್ರೆ ಏನಾದ್ರೂ ಸೇರಿದ್ಯಾ ಅಂತ ಪ್ರತಿ ಸಲ ಕೇಳ್ತೀನಿ.

ನಾನು ಜಾಸ್ತಿ ಹೊತ್ತು ಕೂರೋದು ಜ್ವರದ ದಿನದ ಲೆಕ್ಕ ಹೇಳ್ಕೊಡೋಕೆ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ದಿನದ ಡೋಸ್ ಡಬಲ್, 39 ದಾಟಿದ್ರೆ ಮೂರು ಪಟ್ಟು, ಹುಷಾರಾದ್ಮೇಲೆ ಮತ್ತೆ ಮಾಮೂಲಿ ಡೋಸ್‌ಗೆ ವಾಪಸ್. ವಾಂತಿ ಆಗಿ ಮಾತ್ರೆ ಹೊಟ್ಟೇಲಿ ನಿಲ್ತಿಲ್ಲ ಅಂದ್ರೆ ಕಾಯೋದೇ ಬೇಡ, 100 ಎಂಜಿ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ತೊಡೆಯ ಹೊರಭಾಗದ ಮಾಂಸಖಂಡಕ್ಕೆ ಹಾಕಿ ನೇರ ಆಸ್ಪತ್ರೆಗೆ. ಬಾಯಲ್ಲಿ ಹೇಳಿದ್ರೆ ಯಾರಿಗೂ ಧೈರ್ಯ ಬರಲ್ಲ, ಹಾಗಾಗಿ ಮನೆಯವ್ರನ್ನೂ ಕೂರಿಸ್ಕೊಂಡು ವಯಲ್‌ನಲ್ಲಿರೋ ಪುಡಿಗೆ ನೀರು ಬೆರೆಸಿ, ಸಿರಿಂಜ್‌ಗೆ ಎಳೆದು, ಗಾಳಿ ಗುಳ್ಳೆ ತೆಗೆಯೋವರೆಗೂ ಅವ್ರ ಕೈಯಲ್ಲೇ ಮಾಡಿಸ್ತೀನಿ, ಮೊದ್ಲು ಕೈ ನಡುಗಿದ್ರೂ ಇನ್ನೊಂದ್ಸಲ ಮಾಡೋ ಹೊತ್ತಿಗೆ ಸರಿಹೋಗತ್ತೆ.

ಜೊತೆಗೆ ಪರ್ಸ್‌ನಲ್ಲಿ ಇಟ್ಕೊಳ್ಳೋಕೆ ಒಂದು ಚೀಟಿ ಕೊಡ್ತೀನಿ, ಕ್ಯಾಶುಯಲ್ಟಿ ಡಾಕ್ಟರ್‌ಗೆ ಅಂತಾನೇ ಬರೆದಿದ್ದು: ಈ ಪೇಶೆಂಟ್‌ಗೆ ಸ್ಟೀರಾಯ್ಡ್ ನಿಲ್ಲಿಸಬೇಡಿ, ಬ್ಲಡ್ ರಿಪೋರ್ಟ್‌ಗೆ ಕಾಯದೆ ಹೈಡ್ರೋಕಾರ್ಟಿಸೋನ್ 100 ಎಂಜಿ ಐವಿ (ರಕ್ತನಾಳಕ್ಕೆ) ಕೊಡಿ, ಮೊದಲ ಗಂಟೆಯಲ್ಲಿ 1 ಲೀಟರ್ ನಾರ್ಮಲ್ ಸಲೈನ್, ಆಮೇಲೆ 24 ಗಂಟೆಯಲ್ಲಿ ಒಟ್ಟು 200 ಎಂಜಿ ಹೈಡ್ರೋಕಾರ್ಟಿಸೋನ್.