ಸರ್ಕಾರಿ ಆರೋಗ್ಯ ರಕ್ಷಣೆ, ಖಾಸಗಿ ವಿಮೆ: ಕೊಡಗಿನ ಮನೆಯವರು ತೂಗಿ ನೋಡುವ ಬಗೆ

ಸರ್ಕಾರಿ ಕಾರ್ಡಿನ ಐದು ಲಕ್ಷವನ್ನೂ ಖಾಸಗಿ ಪಾಲಿಸಿಯ ಹತ್ತು ಲಕ್ಷವನ್ನೂ ಅಕ್ಕಪಕ್ಕ ಇಟ್ಟು ದೊಡ್ಡದನ್ನು ಆರಿಸುವವರೇ ಹೆಚ್ಚು. ಕೊಡಗಿನಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ರೋಗಿಯನ್ನು ಎಲ್ಲಿಗೆ ಕರೆದೊಯ್ಯುತ್ತೇವೆ ಎಂಬುದು. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದ್ದರೂ ಹೃದಯ, ಮೆದುಳು, ಕ್ಯಾನ್ಸರ್ ಎಂದರೆ ನಾವು ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೋ ಸಂಪಾಜೆ ಘಾಟಿ ಇಳಿದು ಮಂಗಳೂರಿಗೋ ಹೊರಡುವವರು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ಘಾಟಿಯ ಸಂಚಾರವೇ ನಿಂತುಹೋಗಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಆದ್ದರಿಂದ ಒಂದು ಹಾಳೆಯಲ್ಲಿ ಮೈಸೂರಿನ ಎರಡು, ಮಂಗಳೂರಿನ ಎರಡು ಆಸ್ಪತ್ರೆಗಳ ಹೆಸರು ಬರೆದುಕೊಂಡು, ನಿಮ್ಮ ಮನೆಗೆ ಬೇಕಾಗಬಹುದಾದ ವಿಭಾಗಕ್ಕೆ ಆ ಆಸ್ಪತ್ರೆ ಸರ್ಕಾರಿ ಯೋಜನೆಯಲ್ಲಿ ನೋಂದಾಯಿಸಿದೆಯೇ, ವಿಮಾ ಕಂಪನಿಯ ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟುವ ಆಸ್ಪತ್ರೆಗಳ) ಪಟ್ಟಿಯಲ್ಲಿದೆಯೇ ಎಂದು ಪ್ರತಿಯೊಂದರ ಮುಂದೆಯೂ ಗುರುತು ಹಾಕಿಕೊಳ್ಳಬೇಕು. ವಿಭಾಗ ಎಂದದ್ದಕ್ಕೆ ಕಾರಣವಿದೆ: ಮೂಳೆ ಚಿಕಿತ್ಸೆಗೆ ನೋಂದಣಿಯಾದ ಆಸ್ಪತ್ರೆ ಮೂತ್ರಪಿಂಡಕ್ಕೂ ಆಗಿರಲೇಬೇಕೆಂದಿಲ್ಲ.

ಸರ್ಕಾರದ ಕಡೆಯಿಂದ ಇರುವುದು 2018ರಲ್ಲಿ ಒಂದಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ. ಅದನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಪೂರ್ತಿ ಉಚಿತ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ನಿಗದಿಪಡಿಸಿದ ಮೊತ್ತದ, ಶೇಕಡ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಒಂದು ಲಕ್ಷದ ಪ್ಯಾಕೇಜ್ ಎಂದರೆ 70,000 ನಿಮ್ಮ ಕೈಯಿಂದಲೇ ಹೋಗುತ್ತದೆ. ಎಲ್ಲರನ್ನೂ ಒಳಗೊಳ್ಳುವ ಯೋಜನೆ ಎಂಬ ಮಾತು ನಮ್ಮಲ್ಲಿ ಅರ್ಧ ನಿಜವಾಗುವುದು ಇಲ್ಲಿಯೇ. ಬಾಗಿಲು ಎಲ್ಲರಿಗೂ ತೆರೆದಿದೆ, ಬಡಿಸುವ ಅಳತೆ ಬೇರೆ. ಹಾಗಿದ್ದರೂ ಅದರ ಒಂದು ಬಲವನ್ನು ಯಾವ ಖಾಸಗಿ ಪಾಲಿಸಿಯೂ ಸರಿಗಟ್ಟಲಾರದು: ವಯಸ್ಸೆಷ್ಟು, ಸಕ್ಕರೆ ಕಾಯಿಲೆ ಯಾವಾಗಿನಿಂದ ಎಂದು ಕೇಳಿ ಅದು ಯಾರನ್ನೂ ಹೊರಗಿಡುವುದಿಲ್ಲ.

ಈ ಯೋಜನೆಯಲ್ಲಿ ಜನ ಎಡವುವುದು ರೆಫರಲ್ ಪತ್ರದ ಹತ್ತಿರ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಪತ್ರ ಬೇಕಿಲ್ಲ. ಉಳಿದಂತೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆ ಚಿಕಿತ್ಸೆ ಸಾಧ್ಯವಿಲ್ಲವೆಂದು ವೈದ್ಯರು ಬರೆದುಕೊಟ್ಟ ಮೇಲೆಯೇ ಖಾಸಗಿ ಆಸ್ಪತ್ರೆಯಲ್ಲಿ ದಾಖಲಾಗಬೇಕು. ನಮ್ಮ ನೆಂಟರೊಬ್ಬರು ಪಿತ್ತಕೋಶದ ಕಲ್ಲಿಗೆಂದು ನೇರವಾಗಿ ಮೈಸೂರಿನ ಒಂದು ಖಾಸಗಿ ಆಸ್ಪತ್ರೆ ಸೇರಿ, ಮರುದಿನ ಪತ್ರ ತರಲು ಮಗನನ್ನು ಮಡಿಕೇರಿಗೆ ಅಟ್ಟಿದರು. ಅವನು ಬರಿಗೈಯಲ್ಲಿ ಹಿಂತಿರುಗಿದ, ಬಿಲ್ಲನ್ನು ಪೂರ್ತಿ ಕಟ್ಟಬೇಕಾಯಿತು. ಆಧಾರ್ ಮತ್ತು ಪಡಿತರ ಚೀಟಿಯಲ್ಲಿ ಹೆಸರಿನ ಅಕ್ಷರಗಳು ಒಂದೇ ರೀತಿ ಇವೆಯೇ ಎಂದು ಈಗಲೇ ನೋಡಿಕೊಂಡು ಆರೋಗ್ಯ ಕಾರ್ಡ್ ಮಾಡಿಸಿಟ್ಟುಕೊಳ್ಳಿ.

ಸಹಕಾರ ಸಂಘದ ಸದಸ್ಯರಾಗಿರುವ ಬೆಳೆಗಾರರು ಸಹಕಾರಿಗಳಿಗಾಗಿಯೇ ಇರುವ ಯಶಸ್ವಿನಿ ಆರೋಗ್ಯ ಯೋಜನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2003ರಲ್ಲಿ ಆರಂಭವಾಗಿ ನಡುವೆ ನಿಂತಿದ್ದ ಅದು 2022–23ರಲ್ಲಿ ಮರಳಿ ಬಂದಾಗ, ಗ್ರಾಮೀಣ ಭಾಗದ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷದ ಮಿತಿ ಎಂದಿತ್ತು. ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲವಾದ್ದರಿಂದ ಸಂಘದ ಕಾರ್ಯದರ್ಶಿಯನ್ನು ಮುಂಚೆಯೇ ವಿಚಾರಿಸಿಡುವುದು ಲೇಸು. ಸೇನೆಯಿಂದ ನಿವೃತ್ತರಾದವರ ಮನೆಗಳಲ್ಲಿ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಇದ್ದರೆ ಖಾಸಗಿ ಪಾಲಿಸಿಯ ಅಗತ್ಯ ಬಹಳ ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಇನ್ನು ಖಾಸಗಿ ವಿಮೆಯ ಮಾತು. ಪಾಲಿಸಿ ಕೊಂಡ ಮೊದಲ 30 ದಿನ ಕಾಯಿಲೆಗೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ, ಅಪಘಾತಕ್ಕೆ ಸಿಗುತ್ತದೆ. ಮೆಣಸು ಕುಯ್ಯುವಾಗ ಏಣಿಯಿಂದ ಜಾರಿಬಿದ್ದು ತೊಡೆಯ ಮೂಳೆ ಮುರಿದರೆ ಮೊದಲ ವಾರದಲ್ಲೂ ಕ್ಲೇಮ್ ಮಾಡಬಹುದು. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ 36 ತಿಂಗಳನ್ನು ಮೀರಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ನಿಯಮ ಮಾಡಿದೆ. ಅರ್ಜಿಯಲ್ಲಿ ರಕ್ತದೊತ್ತಡವನ್ನು ಮುಚ್ಚಿಡಲು ಏಜೆಂಟ್ ಹೇಳಿದರೆ ಕೇಳಬೇಡಿ, ಏಕೆಂದರೆ ಕ್ಲೇಮ್ ತಿರಸ್ಕಾರವಾದಾಗ ಅವರು ಫೋನ್ ಎತ್ತುವುದಿಲ್ಲ.

ಪಾಲಿಸಿಯ ಪುಟಗಳಲ್ಲಿ ನಿಧಾನವಾಗಿ ಓದಬೇಕಾದ ಸಾಲು ರೂಮ್ ಬಾಡಿಗೆಯದು. ದಿನಕ್ಕೆ 4,000 ರೂಪಾಯಿ ಮಿತಿಯಿರುವ ಪಾಲಿಸಿಯಲ್ಲಿ ನೀವು 8,000 ರೂಪಾಯಿಯ ರೂಮಿನಲ್ಲಿ ನಾಲ್ಕು ದಿನ ಇದ್ದಿರೆಂದುಕೊಳ್ಳಿ. ಬಾಡಿಗೆ 32,000ದಲ್ಲಿ ಕಂಪನಿ 16,000 ಕೊಡುತ್ತದೆ, ಅದು ಸರಿಯೆನ್ನೋಣ. ಆದರೆ ಅದೇ ಅನುಪಾತ ಶಸ್ತ್ರಚಿಕಿತ್ಸಕರ, ಅರಿವಳಿಕೆಯ, ಆಪರೇಷನ್ ಥಿಯೇಟರಿನ ಶುಲ್ಕಕ್ಕೂ ಅನ್ವಯಿಸಿದರೆ, ಅವು ಒಟ್ಟು 80,000 ಆಗಿದ್ದಲ್ಲಿ ಇನ್ನೂ 40,000 ಕಡಿತವಾಗುತ್ತದೆ. ಔಷಧಿ ಮತ್ತು ಅಳವಡಿಸುವ ಉಪಕರಣಗಳು ಈ ಕಡಿತಕ್ಕೆ ಬರುವುದಿಲ್ಲ; ಆದರೂ 56,000 ರೂಪಾಯಿ ನಿಮ್ಮ ಜೇಬಿನದು. ಬೆಲೆ ಹೋಲಿಸಲು 2020ರಲ್ಲಿ ಬಂದ ಆರೋಗ್ಯ ಸಂಜೀವಿನಿ ಪಾಲಿಸಿ ಒಳ್ಳೆಯ ಅಳತೆಗೋಲು: ಷರತ್ತುಗಳು ಎಲ್ಲ ಕಂಪನಿಗಳಲ್ಲೂ ಒಂದೇ, ಪ್ರೀಮಿಯಂ ಮಾತ್ರ ಬೇರೆ.

ಪ್ರೀಮಿಯಂ ಕಟ್ಟುವ ತಿಂಗಳನ್ನೂ ಯೋಚಿಸಿ ಆರಿಸಿ. ಕಾಫಿ ಮಾರಿದ ಹಣ ಕೈಯಲ್ಲಿರುವ ಮಾರ್ಚ್–ಏಪ್ರಿಲ್‌ನಲ್ಲಿ ಪಾಲಿಸಿ ಆರಂಭಿಸಿದರೆ ನವೀಕರಣವೂ ಆಗಲೇ ಬರುತ್ತದೆ. ಮಳೆಗಾಲದ ನಡುವೆ ಬಂದರೆ ಒಂದು ವರ್ಷವಾದರೂ ತಪ್ಪುವುದು ಸಹಜ, ಕಂಪನಿ ಕೊಡುವ ಹೆಚ್ಚುವರಿ ದಿನಗಳೊಳಗೂ ಕಟ್ಟದಿದ್ದರೆ ಸವೆಸಿದ ಕಾಯುವ ಅವಧಿಯೆಲ್ಲ ವ್ಯರ್ಥ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಶೇಕಡ 18ರ ಜಿಎಸ್‌ಟಿ ಇಲ್ಲವಾಗಿರುವುದರಿಂದ ಹಳೆಯ ದರಪಟ್ಟಿ ನೋಡಿ ನಿರ್ಧರಿಸಬೇಡಿ.

ಇಷ್ಟನ್ನು ಮುಂದಿಟ್ಟುಕೊಂಡು ನೋಡಿದರೆ, ಬಿಪಿಎಲ್ ಮನೆಯವರು ಸಾಲ ಮಾಡಿ ಖಾಸಗಿ ವಿಮೆ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಆ ಹಣ ಮೈಸೂರಿನ ಓಡಾಟಕ್ಕೂ ಜೊತೆಗಿರುವವರ ಊಟ–ವಸತಿಗೂ ಬೇಕಾಗುತ್ತದೆ. ಖಾಸಗಿ ಪಾಲಿಸಿ ನಿಜವಾಗಿ ಬೇಕಾಗಿರುವುದು ಶೇಕಡ 70ನ್ನು ತಾವೇ ಹೊರಬೇಕಾದ ಎಪಿಎಲ್ ಕುಟುಂಬಗಳಿಗೆ, ಅದರಲ್ಲೂ ಕಾಯಿಲೆ ಅಂಟುವ ಮೊದಲಿನ ವಯಸ್ಸಿನಲ್ಲಿ. ಎರಡೂ ಇರುವವರು ಯಾವುದನ್ನು ಬಳಸುತ್ತೇವೆಂದು ದಾಖಲಾಗುವಾಗಲೇ ಕೌಂಟರಿನಲ್ಲಿ ತಿಳಿಸಬೇಕು. ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ, ಬಿಡುಗಡೆಯ ಅನುಮತಿಗೆ ಮೂರು ಗಂಟೆಯೊಳಗೆ ಉತ್ತರಿಸಬೇಕೆಂಬ ನಿಯಮವಿದೆ. ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆದು ಮೊದಲು ಕಂಪನಿಗೇ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಒಂದು ವರ್ಷದೊಳಗೆ ಗ್ರಾಹಕರ ದೂರು ಆಲಿಸಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ.