ಹಗ್ಗದ ಮುಂದಿನ ತುದಿಗೆ ಬಿಡಿ: ಸಾಕು ನಾಯಿಗೂ ಇದೆ ಜಾಡು ಹಿಡಿಯುವ ಪರೀಕ್ಷೆ

ದಾವಣಗೆರೆ ಪೊಲೀಸರ ತುಂಗಾ ನೆನಪಿದೆಯಾ? 2020ರಲ್ಲಿ ಕೊಲೆ ಪ್ರಕರಣವೊಂದರಲ್ಲಿ 10 ಕಿಲೋಮೀಟರಿಗೂ ಜಾಸ್ತಿ ಓಡಿ ಆರೋಪಿಯ ಜಾಡು ಹಿಡಿದ ಡಾಬರ್ಮನ್. ಆ ಸುದ್ದಿ ಓದಿ ಎಷ್ಟೋ ಜನ ತಮ್ಮ ಮನೆಯ ಸೋಫಾ ಮೇಲೆ ಬಿದ್ದುಕೊಂಡಿದ್ದ ನಾಯಿಯ ಕಡೆ ಒಂದು ನೋಟ ಬೀರಿರಬಹುದು. ಅಷ್ಟು ದೂರ ಓಡುವುದು ಬೇರೆ ಮಾತು. ಮೂಗು ಮಾತ್ರ ಇದಕ್ಕೂ ಇದೆ.

ಅಮೆರಿಕದಲ್ಲಿ ಸಾಕು ನಾಯಿಗಳಿಗೂ ಈ ವಿದ್ಯೆಯ ಪರೀಕ್ಷೆ ಇದೆ. ಒಬ್ಬರು ಹೊಲದಲ್ಲಿ ನಡೆದು ಹೋಗಿರುತ್ತಾರೆ, ನಾಯಿ ಅವರ ವಾಸನೆ ಹಿಡಿದು ಅದೇ ದಾರಿಯಲ್ಲಿ ಸಾಗಿ ಕೊನೆಯಲ್ಲಿಟ್ಟ ವಸ್ತುವನ್ನು ಹುಡುಕಬೇಕು. ನಿಯಮ ಅಮೆರಿಕನ್ ಕೆನಲ್ ಕ್ಲಬ್‌ನದು. ನಡೆಸುವುದು ಆಯಾ ಊರಿನ ನಾಯಿ ಕ್ಲಬ್‌ಗಳು. ಮೊದಲ ಮೆಟ್ಟಿಲಿನ ಹೆಸರು ಟಿಡಿ, ಅಂದರೆ ಟ್ರ್ಯಾಕಿಂಗ್ ಡಾಗ್. ಅಲ್ಲಿರುವ ಕನ್ನಡಿಗರ ಮನೆಗಳಲ್ಲೂ ಈಗ ಲ್ಯಾಬ್ರಡಾರ್, ಬೀಗಲ್ ಇವೆ. ಅಂಥವರು ಹೆಸರು ಕೊಡಬಹುದು. ಮಿಶ್ರತಳಿ ನಾಯಿಗೂ ಅಡ್ಡಿಯಿಲ್ಲ, ಅಮೆರಿಕನ್ ಕೆನಲ್ ಕ್ಲಬ್‌ನಲ್ಲಿ ನೋಂದಣಿ ಮಾಡಿಸಿದ್ದರೆ ಸಾಕು. ನಮ್ಮೂರಲ್ಲೇ ಇರುವವರು ಪರೀಕ್ಷೆಯ ಗೊಡವೆ ಬಿಟ್ಟು, ಅಭ್ಯಾಸವನ್ನಷ್ಟೇ ಖಾಲಿ ಹೊಲದಲ್ಲಿ ಮಾಡಬಹುದು. ನಾಯಿಗೆ ಎರಡೂ ಒಂದೇ.

ಒಂದು ವಿಷಯ ಮೊದಲೇ ತಿಳಿದಿರಲಿ. ಬೇರೆ ನಾಯಿ ಆಟಗಳಲ್ಲಿ ನಾವು ಹೇಳುತ್ತೇವೆ, ನಾಯಿ ಮಾಡುತ್ತದೆ. ಇಲ್ಲಿ ಉಲ್ಟಾ. ಜಾಡು ಯಾವ ಕಡೆ ಹೋಗಿದೆ ಅಂತ ನಿಮಗೆ ಗೊತ್ತೇ ಇರುವುದಿಲ್ಲ. ಆದ್ದರಿಂದ ತಯಾರಿಯಲ್ಲಿ ಅರ್ಧ ನಾಯಿಯದು, ಇನ್ನರ್ಧ ನಿಮ್ಮದು. ಕಷ್ಟದ ಅರ್ಧ ಯಾವುದು ಅಂತ ಕೇಳಿದರೆ, ನಿಮ್ಮದೇ.

ಬೇಕಾಗುವ ಸಾಮಾನು

ಜಾಸ್ತಿ ಏನಿಲ್ಲ. ಎದೆಗೆ ಕಟ್ಟುವ ಹಾರ್ನೆಸ್ ಒಂದು. ಕುತ್ತಿಗೆ ಪಟ್ಟಿ ಬೇಡ, ನಾಯಿ ಮುಂದಕ್ಕೆ ಎಳೆದಾಗ ಗಂಟಲು ಬಿಗಿಯುತ್ತದೆ, ಮೂಸುವ ಉಸಿರಾಟವೇ ಕೆಡುತ್ತದೆ. ಉದ್ದನೆಯ ಹಗ್ಗ ಒಂದು. ಪರೀಕ್ಷೆಯಲ್ಲಿ ಅದು 20ರಿಂದ 40 ಅಡಿ ಇರಬೇಕು, ನಾಯಿಯಿಂದ 20 ಅಡಿಯ ಜಾಗದಲ್ಲಿ ಗುರುತಿರಬೇಕು. ಟಿಡಿ ಪರೀಕ್ಷೆಯಲ್ಲಿ ಆ ಗುರುತಿಗಿಂತ ಮುಂದೆ ನೀವು ಹೋಗುವಂತಿಲ್ಲ. ಹಳೆಯ ಗ್ಲೌಸ್ ಒಂದೆರಡು, ನೆಲಕ್ಕೆ ಚುಚ್ಚುವ ಸಣ್ಣ ಬಾವುಟ ನಾಲ್ಕೈದು, ಬೇಯಿಸಿದ ಕೋಳಿಯ ಚಿಕ್ಕ ಚಿಕ್ಕ ಚೂರು. ಬಿಸ್ಕತ್ತು ಬೇಡ. ಅಗಿಯುತ್ತಾ ಕೂತರೆ ಮೂಗಿನ ಕೆಲಸ ನಿಂತೇ ಹೋಗುತ್ತದೆ.

ಅಭ್ಯಾಸ ಹೀಗೆ

ಬೆಳಗಿನ ಹೊತ್ತು, ಇಬ್ಬನಿ ಆರುವ ಮುಂಚೆ ಹೊರಡಿ. ತೇವ ಮತ್ತು ತಂಪಿನಲ್ಲಿ ವಾಸನೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಬಿಸಿಲೇರಿದರೆ ವಾಸನೆಯೂ ಹಾರುತ್ತದೆ, ನಾಯಿಯೂ ಬಾಯಿ ತೆರೆದು ತೇಕಲು ಶುರು ಮಾಡುತ್ತದೆ. ತೇಕುವ ನಾಯಿ ಸರಿಯಾಗಿ ಮೂಸಲಾರದು.

ನಾಯಿಯನ್ನು ದೂರದಲ್ಲಿ ಕಟ್ಟಿ. ಹುಲ್ಲಿನ ಮೇಲೆ ಒಂದು ಬಾವುಟ ಚುಚ್ಚಿ, ಪಕ್ಕದಲ್ಲಿ ಒಂದು ಚಾಪೆಯಷ್ಟು ಜಾಗವನ್ನು ಕಾಲಲ್ಲಿ ಚೆನ್ನಾಗಿ ತುಳಿಯಿರಿ. ಅಲ್ಲಿ ಕೋಳಿ ಚೂರು ಉದುರಿಸಿ. ಆಮೇಲೆ ನೇರವಾಗಿ 20 ಹೆಜ್ಜೆ, ಒಂದೊಂದು ಹೆಜ್ಜೆ ಗುರುತಿನಲ್ಲೂ ಒಂದೊಂದು ಚೂರು. ಕೊನೆಯಲ್ಲಿ ಗ್ಲೌಸ್ ಇಟ್ಟು ಅದರೊಳಗೆ ಒಂದು ಹಿಡಿ. ವಾಪಸ್ ಬರುವಾಗ ಅದೇ ದಾರಿಯಲ್ಲಿ ಬರಬೇಡಿ. ದೂರದಿಂದ ಸುತ್ತು ಹಾಕಿ ಬನ್ನಿ, ಇಲ್ಲದಿದ್ದರೆ ಹೋದ ವಾಸನೆ, ಬಂದ ವಾಸನೆ ಎರಡೂ ಕಲಸಿಹೋಗುತ್ತವೆ.

ನಾಯಿ ಹಿಡಿಯುವುದು ಎರಡು ವಾಸನೆಗಳನ್ನು. ಒಂದು, ಕಾಲಡಿ ಜಜ್ಜಿದ ಹುಲ್ಲು ಮಣ್ಣಿನದು. ಇನ್ನೊಂದು, ನಡೆದವರ ಮೈಯಿಂದ ಸದಾ ಉದುರುವ ಚರ್ಮದ ಸಣ್ಣ ಕಣಗಳದು. ಎರಡನೆಯದು ಗಾಳಿಗೆ ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ಗಾಳಿ ಇರುವ ದಿನ ನಾಯಿ ನಿಮ್ಮ ಹೆಜ್ಜೆಯಿಂದ ಒಂದಿಷ್ಟು ಪಕ್ಕದಲ್ಲೇ ಹೋದರೆ ಅದು ತಪ್ಪಲ್ಲ. ಎಳೆದು ಸಾಲಿಗೆ ತರಲು ಹೋಗಬೇಡಿ.

ನೇರ ಜಾಡು ಸಲೀಸಾದ ಮೇಲೆ ಚೂರುಗಳನ್ನು ಕಡಿಮೆ ಮಾಡುತ್ತಾ ಬನ್ನಿ. ಉದ್ದ ಹೆಚ್ಚಿಸಿ. ಜಾಡು ಹಾಕಿ 10 ನಿಮಿಷ ಬಿಟ್ಟು, ಆಮೇಲೆ 20 ನಿಮಿಷ ಬಿಟ್ಟು ನಾಯಿಯನ್ನು ಕರೆತನ್ನಿ. ಉದ್ದ, ಸಮಯ ಎರಡನ್ನೂ ಒಂದೇ ದಿನ ಹೆಚ್ಚಿಸಬೇಡಿ. ಕೊನೆಕೊನೆಗೆ ನೆರೆಮನೆಯವರನ್ನೋ ಸ್ನೇಹಿತರನ್ನೋ ನಡೆಸಿ. ಪರೀಕ್ಷೆಯಲ್ಲಿ ಜಾಡು ಹಾಕುವವರು ನಾಯಿಗೆ ಅಪರಿಚಿತರೇ ಆಗಿರುತ್ತಾರೆ.

ತಿರುವಿನಲ್ಲಿ ಏನಾಗುತ್ತದೆ ನೋಡಿ

ಪರೀಕ್ಷೆಯಲ್ಲಿ ಫೇಲಾಗುವ ಜಾಗ ಬಹಳ ಸಲ ತಿರುವೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ.

ನಾಯಿ ಮೂಗು ಕೆಳಗಿಟ್ಟು ಹೋಗುತ್ತಿದೆ, ಹಗ್ಗ ನಿಮ್ಮ ಕೈಯಲ್ಲಿ ಬಿಗಿಯಾಗಿದೆ. ಜಾಡು ಬಲಕ್ಕೆ ತಿರುಗಿದೆ, ನಾಯಿ ಅದೇ ಓಟದಲ್ಲಿ ಎರಡು ಮಾರು ಮುಂದೆ ಹೋಗಿಬಿಡುತ್ತದೆ. ಅಲ್ಲಿ ವಾಸನೆ ಇಲ್ಲ. ತಲೆ ಮೇಲೇಳುತ್ತದೆ. ಬಾಲದ ಆಟ ಬದಲಾಗುತ್ತದೆ. ಹಗ್ಗ ಸಡಿಲವಾಗುತ್ತದೆ. ಕೆಲವು ನಾಯಿ ನಿಮ್ಮ ಮುಖವನ್ನೇ ನೋಡುತ್ತವೆ, ಉತ್ತರ ಪತ್ರಿಕೆ ನಿಮ್ಮ ಜೇಬಿನಲ್ಲಿದೆ ಅನ್ನುವ ಹಾಗೆ.

ಆಗ ನಿಂತಲ್ಲೇ ನಿಲ್ಲಿ. ಹಗ್ಗ ಮೇಲೆತ್ತಿ ಹಿಡಿಯಿರಿ, ನಾಯಿಗೆ ಸುತ್ತಲು ಬೇಕಾದಷ್ಟು ಬಿಡಿ. ಅದು ಎಡಕ್ಕೆ ಹೋಗಿ ನೋಡುತ್ತದೆ, ಹಿಂದಕ್ಕೆ ಬರುತ್ತದೆ, ನಿಮ್ಮ ಬೆನ್ನ ಹಿಂದೆಯೂ ಹೋಗಬಹುದು. ಹಗ್ಗದ ಜೊತೆ ನೀವೂ ತಿರುಗಿ, ಹೆಜ್ಜೆ ಮಾತ್ರ ಇಡಬೇಡಿ. ಸುತ್ತುತ್ತಾ ಸುತ್ತುತ್ತಾ ಒಂದು ಕಡೆ ತಲೆ ಪಟ್ಟನೆ ಕೆಳಗಿಳಿಯುತ್ತದೆ, ಹಗ್ಗ ಮತ್ತೆ ಬಿಗಿಯಾಗುತ್ತದೆ. ಆ ಎಳೆತ ನಿಮ್ಮ ಅಂಗೈಗೆ ಗೊತ್ತಾಗಬೇಕು. ಇಲಿ ಬಿಲ ಮೂಸುವಾಗಿನ ಎಳೆತಕ್ಕೂ ಜಾಡಿನ ಎಳೆತಕ್ಕೂ ವ್ಯತ್ಯಾಸ ಇದೆ. ಯಾವ ನಾಯಿಯದು ಹೇಗೆ ಅಂತ ಪುಸ್ತಕದಲ್ಲಿ ಸಿಗುವುದಿಲ್ಲ, ನಿಮ್ಮ ನಾಯಿಯ ಹಿಂದೆ ನಡೆದೇ ಕಲಿಯಬೇಕು.

ನಾಯಿಯ ಮೂಗಿನಲ್ಲಿ ವಾಸನೆ ಗ್ರಹಿಸುವ ಗ್ರಾಹಕಗಳು 30 ಕೋಟಿವರೆಗೂ ಇರಬಹುದು ಅನ್ನುತ್ತಾರೆ, ನಮ್ಮಲ್ಲಿ 50-60 ಲಕ್ಷ. ಲೆಕ್ಕ ಹೀಗಿರುವಾಗ ದಾರಿ ತೋರಿಸಲು ನಾವು ಯಾರು, ಅಲ್ವಾ?

ಪರೀಕ್ಷೆಗೆ ಮುಂಚೆ

ಸುಮ್ನೆ ಹೋಗಿ ಹೆಸರು ಬರೆಸಿದರೆ ಆಗದು. ಮೊದಲು ಟ್ರ್ಯಾಕಿಂಗ್ ತೀರ್ಪುಗಾರರೊಬ್ಬರ ಎದುರು ನಾಯಿ ಟಿಡಿ ಮಟ್ಟದ ಒಂದು ಜಾಡು ಮುಗಿಸಿ ಪ್ರಮಾಣಪತ್ರ ಪಡೆದಿರಬೇಕು. ಒಂದೊಂದು ಜಾಡಿಗೂ ದೊಡ್ಡ ಹೊಲವೇ ಬೇಕಾಗುವುದರಿಂದ ಜಾಗಗಳು ಕಡಿಮೆ, ಅರ್ಜಿಗಳು ಜಾಸ್ತಿಯಾದರೆ ಚೀಟಿ ಎತ್ತುತ್ತಾರೆ.

ಪರೀಕ್ಷೆಯ ಹಿಂದಿನ ದಿನ ಇಬ್ಬರು ತೀರ್ಪುಗಾರರು ಹೊಲ ಸುತ್ತಿ ಪ್ರತಿ ಜಾಡಿಗೂ ನಕ್ಷೆ ಬರೆದು, ಬಾವುಟ ನೆಟ್ಟಿರುತ್ತಾರೆ. ಮರುದಿನ ಬೆಳಿಗ್ಗೆ ಟ್ರ್ಯಾಕ್‌ಲೇಯರ್, ಅಂದರೆ ಜಾಡು ಹಾಕುವವರು, ಅದೇ ದಾರಿಯಲ್ಲಿ ನಡೆಯುತ್ತಾ ಬಾವುಟಗಳನ್ನು ಕಿತ್ತುಕೊಂಡು ಹೋಗುತ್ತಾರೆ. ಉಳಿಯುವುದು ಮೊದಲಿನ ಎರಡೇ.

ಆ ದಿನ

ಬೆಳಿಗ್ಗೆ ಬೇಗ ಸೇರಬೇಕು. ಯಾರಿಗೆ ಯಾವ ಜಾಡು ಅಂತ ಮತ್ತೆ ಚೀಟಿ. ಆಮೇಲೆ ಕಾಯುವುದು. ನಾಯಿಯನ್ನು ಕಾರಿನಲ್ಲೇ ತಂಪಾಗಿ ಇರಿಸಿ, ಕಂಡಕಂಡವರ ಜೊತೆ ಆಡಲು ಬಿಡಬೇಡಿ. ಸರದಿ ಬರುವ ಮುಂಚೆ ನೀರು ಕುಡಿಸಿ, ಒಂದು ಸುತ್ತು ಹೊರಗೆ ಕರೆದುಕೊಂಡು ಹೋಗಿ ಬನ್ನಿ.

ಟಿಡಿ ಜಾಡಿನ ಉದ್ದ 440ರಿಂದ 500 ಗಜ, ಅಂದರೆ ಸುಮಾರು 400ರಿಂದ 460 ಮೀಟರ್. ತಿರುವು 3ರಿಂದ 5, ಎಡಕ್ಕೂ ಇರುತ್ತದೆ, ಬಲಕ್ಕೂ ಇರುತ್ತದೆ. ಹಾಕಿ ಕನಿಷ್ಠ ಅರ್ಧ ಗಂಟೆ, ಹೆಚ್ಚೆಂದರೆ 2 ಗಂಟೆ ಆಗಿರಬೇಕು.

ಮೊದಲ ಬಾವುಟದ ಹತ್ತಿರ ಟ್ರ್ಯಾಕ್‌ಲೇಯರ್‌ನ ವಾಸನೆ ಇರುವ ಒಂದು ವಸ್ತು ಬಿದ್ದಿರುತ್ತದೆ. ನಾಯಿ ಅದನ್ನು ಮೂಸಲಿ. ಅವಸರ ಬೇಡ. 30 ಗಜ ದೂರದಲ್ಲಿ ಎರಡನೇ ಬಾವುಟ. ಜಾಡು ಆ ದಿಕ್ಕಿಗೆ ಹೊರಟಿದೆ ಅನ್ನುವುದಷ್ಟೇ ನಿಮಗೆ ಸಿಗುವ ಸುಳಿವು. ಶುರುವಿನಲ್ಲಿ ಎಡವಟ್ಟಾದರೆ, ಎರಡನೇ ಬಾವುಟ ದಾಟುವ ಮುಂಚೆ ಒಂದು ಸಲ ಹೊಸದಾಗಿ ಹೊರಡಲು ಅವಕಾಶವಿದೆ. ದಾಟಿದ ಮೇಲೆ ಇಲ್ಲ.

ಅಲ್ಲಿಂದ ಮುಂದೆ ತೀರ್ಪುಗಾರರು ಹಿಂದೆ ಬರುತ್ತಿರುತ್ತಾರೆ. ನಾಯಿಗೆ ‘ಶಭಾಷ್’ ಅನ್ನಬಹುದು, ದಾರಿ ಹೇಳಿಕೊಡುವಂತಿಲ್ಲ. ನಾಯಿ ಕೆಲಸ ಮಾಡುತ್ತಿರುವವರೆಗೆ ಗಡಿಯಾರದ ಭಯವಿಲ್ಲ. ತಿರುವಿನಲ್ಲಿ ಎಷ್ಟು ಸುತ್ತಿದರೂ ಅಂಕ ಕಡಿಯುವುದಿಲ್ಲ, ಏಕೆಂದರೆ ಅಂಕಗಳೇ ಇಲ್ಲ. ಪಾಸು ಅಥವಾ ಫೇಲು. ಮೊದಲು, ಎರಡನೆಯದು ಅಂತ ಸ್ಥಾನವೂ ಇಲ್ಲ. ಈ ಆಟದಲ್ಲಿ ನನಗೆ ತುಂಬ ಇಷ್ಟವಾಗುವುದು ಇದೇ. ಬೇರೆಯವರ ನಾಯಿ ಪಾಸಾದರೆ ಹೊಟ್ಟೆ ಉರಿಯುವ ಪ್ರಮೇಯವೇ ಬರುವುದಿಲ್ಲ.

ನಾಯಿ ಜಾಡು ಬಿಟ್ಟು ದೂರ ಹೋದರೆ ಸೀಟಿ ಊದುತ್ತಾರೆ. ಅಲ್ಲಿಗೆ ಮುಗಿಯಿತು. ಊದದಿದ್ದರೆ, ಕೊನೆಯಲ್ಲಿ ಗ್ಲೌಸ್ ಅಥವಾ ಪರ್ಸ್ ಸಿಗುತ್ತದೆ. ನಾಯಿ ಬಾಯಲ್ಲಿ ಎತ್ತಿದರೂ ಸರಿ, ಪಕ್ಕದಲ್ಲಿ ಕೂತರೂ ಸರಿ. ಅದನ್ನು ತೀರ್ಪುಗಾರರಿಗೆ ಕಾಣುವಂತೆ ಮೇಲೆತ್ತಿ ಹಿಡಿಯಿರಿ. ಇಬ್ಬರೂ ಒಪ್ಪಿದರೆ ನಾಯಿಯ ಹೆಸರಿನ ಕೊನೆಗೆ ಟಿಡಿ ಸೇರುತ್ತದೆ.

ಮುಂದಿನ ಹಂತ ಟಿಡಿಎಕ್ಸ್. 800ರಿಂದ 1000 ಗಜ, 3ರಿಂದ 5 ಗಂಟೆ ಹಳೆಯ ಜಾಡು, ನಡುವೆ ಬೇರೆಯವರು ಅಡ್ಡ ಹಾಯ್ದ ಹೆಜ್ಜೆಗಳು ಬೇರೆ. ವಿಎಸ್‌ಟಿ ಅನ್ನುವ ಇನ್ನೊಂದು ಪರೀಕ್ಷೆಯಲ್ಲಿ ಕಾಂಕ್ರೀಟ್, ಡಾಂಬರಿನ ಮೇಲೂ ಜಾಡು ಹಿಡಿಯಬೇಕು. ಜಜ್ಜಲು ಹುಲ್ಲೇ ಇಲ್ಲದ ಜಾಗ ಅದು.

ನಮ್ಮೂರಲ್ಲಿ ಅಭ್ಯಾಸ ಮಾಡುವವರಿಗೆ

ಕೊಯ್ಲಾದ ಹೊಲ ಒಳ್ಳೆಯದು, ಮಾಲೀಕರನ್ನು ಕೇಳಿ ಹೋಗಿ. ಔಷಧಿ ಹೊಡೆದ ಜಾಗ ಬೇಡ. ಹಾವಿರುವ ಬದುಗಳಿಂದ ದೂರವಿರಿ. ಬೀದಿ ನಾಯಿಗಳು ಇರುವ ಕಡೆಯಾದರೆ ಜೊತೆಗೊಬ್ಬರು ಬೇಕು, ರೇಬೀಸ್ ಲಸಿಕೆಯಂತೂ ಆಗಿರಲೇಬೇಕು. ಮುಧೋಳ ಸಾಕಿದವರು ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಿ. ಅದು ಕಣ್ಣಿಗೆ ಬಿದ್ದದ್ದನ್ನು ಅಟ್ಟುವ ತಳಿ, ದೂರದಲ್ಲಿ ಮೊಲ ಅಲ್ಲಾಡಿದರೂ ನೆಲ ಮರೆತುಬಿಡುತ್ತದೆ. ಪೊದೆ ಕಡಿಮೆ ಇರುವ ಮೈದಾನ ಹುಡುಕಿ. ಮನೆಗೆ ಬಂದ ಮೇಲೆ ಕಿವಿಯ ಒಳಗೆ, ಕಾಲ್ಬೆರಳ ಸಂದಿಯಲ್ಲಿ, ಹಾರ್ನೆಸ್ ಪಟ್ಟಿ ಕೂತ ಜಾಗದಲ್ಲಿ ಉಣ್ಣೆ ಹುಳ ಇದೆಯಾ ಅಂತ ಬೆರಳಾಡಿಸಿ ನೋಡಿ.